ಬೆಳಗಾವಿಯಿಂದ ಲಂಡನ್ನಿಗೆ ಯಾವ ಹಾದಿ? ಮುಂಬಯಿ, ಬೆಂಗಳೂರು, ಹೈದರಾಬಾದ್, ದಿಲ್ಲಿಗಳ ದೂರ, ತಾಸು, ತೊಡಕುಗಳ ಹೋಲಿಕೆ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಲಂಡನ್ನಿನ ಹೀಥ್ರೋಗೆ ಆಕಾಶದ ದೂರ ಸುಮಾರು 7,605 ಕಿ.ಮೀ. ಈ ದೂರವನ್ನು ಒಂದೇ ಹಾರಾಟದಲ್ಲಿ ಮುಗಿಸುವ ವಿಮಾನ ಸಾಂಬ್ರಾದಿಂದ ಇಲ್ಲ. ಅಲ್ಲಿಯ ರನ್‌ವೇ 2,300 ಮೀಟರ್ ಉದ್ದ, ನಿಲ್ದಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿ. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ನೆಲ ಬಿಡಲು ವಿಮಾನ ಇನ್ನಷ್ಟು ದೂರ ಓಡಬೇಕಾಗುತ್ತದೆ. ಲಂಡನ್ ತನಕದ ಇಂಧನ ಹೊತ್ತ ದೊಡ್ಡ ವಿಮಾನಕ್ಕೆ ಆ ಉದ್ದ ಸಾಲುವುದಿಲ್ಲ. ಹೀಗಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪ್ರಯಾಣವನ್ನು ನಡುವೆ ಎಲ್ಲಾದರೂ ಮುರಿಯಲೇಬೇಕು.

ಎಲ್ಲಿ ಮುರಿಯಬೇಕು ಎನ್ನುವಾಗ ಹೆಚ್ಚಿನವರು ಮೊದಲು ನೋಡುವುದು ನಕಾಶೆಯನ್ನು ಅಥವಾ ಟಿಕೆಟ್ ದರವನ್ನು. ಎರಡೂ ಪೂರ್ತಿ ಉತ್ತರ ಕೊಡುವುದಿಲ್ಲ. ನಾಲ್ಕು ಊರುಗಳ ನಡುವೆ ಆಕಾಶದ ದೂರದಲ್ಲಿರುವ ವ್ಯತ್ಯಾಸ ಹೆಚ್ಚೆಂದರೆ ಒಂದು ತಾಸಿನದು. ನೆಲದ ಮೇಲೆ ಕಳೆಯುವ ಹೊತ್ತಿನಲ್ಲಿ, ಅಂದರೆ ರಸ್ತೆ, ಕಾಯುವಿಕೆ, ಟರ್ಮಿನಲ್ ಬದಲಾವಣೆಗಳಲ್ಲಿ, ಆರೇಳು ತಾಸಿನ ವ್ಯತ್ಯಾಸ ಬರುತ್ತದೆ. ಆದ್ದರಿಂದ ಆಯ್ಕೆ ಮಾಡುವಾಗ ನೆಲದ ತಾಸುಗಳನ್ನೇ ಮೊದಲು ಎಣಿಸಬೇಕು.

ದೂರದ ಲೆಕ್ಕ

ಗೋಡೆಯ ಮೇಲಿನ ನಕಾಶೆಯಲ್ಲಿ ಎಳೆದ ಸರಳರೇಖೆ ವಿಮಾನದ ನಿಜವಾದ ಹಾದಿಯಲ್ಲ. ಗೋಳದ ಮೇಲೆ ಒಂದು ದಾರದ ತುದಿಯನ್ನು ಬೆಳಗಾವಿಯ ಮೇಲೂ ಇನ್ನೊಂದನ್ನು ಲಂಡನ್ನಿನ ಮೇಲೂ ಒತ್ತಿ ಬಿಗಿಯಾಗಿ ಎಳೆಯಿರಿ. ದಾರ ಕೂರುವ ಗೆರೆಯೇ ಎರಡು ಊರುಗಳ ನಡುವಿನ ಅತಿ ಹತ್ತಿರದ ಹಾದಿ. ಅದಕ್ಕೆ ಮಹಾವೃತ್ತದ ಹಾದಿ ಎನ್ನುತ್ತಾರೆ. ಬೆಳಗಾವಿಯಿಂದ ಎಳೆದ ದಾರ ವಾಯವ್ಯಕ್ಕೆ ಹೊರಟು, ಅರಬ್ಬಿ ಸಮುದ್ರ ದಾಟಿ, ಕರಾಚಿಯ ಆಸುಪಾಸಿನಿಂದ ಮೇಲೇರುತ್ತದೆ. ಈ ವಿಷಯ ಮುಂದೆ ಮತ್ತೆ ಬರಲಿದೆ.

ಈ ಲೆಕ್ಕದ ಪ್ರಕಾರ ಬೆಳಗಾವಿಯಿಂದ ಹೀಥ್ರೋಗೆ:

ಮುಂಬಯಿ ಮೂಲಕ: 405 + 7,210 = ಸುಮಾರು 7,615 ಕಿ.ಮೀ.
ದಿಲ್ಲಿ ಮೂಲಕ: 1,435 + 6,735 = ಸುಮಾರು 8,170 ಕಿ.ಮೀ.
ಹೈದರಾಬಾದ್ ಮೂಲಕ: 435 + 7,750 = ಸುಮಾರು 8,185 ಕಿ.ಮೀ.
ಬೆಂಗಳೂರು ಮೂಲಕ: 445 + 8,040 = ಸುಮಾರು 8,485 ಕಿ.ಮೀ.

ಮುಂಬಯಿ ಹೆಚ್ಚುಕಡಿಮೆ ಹಾದಿಯ ಮೇಲೆಯೇ ಇದೆ. ಅಲ್ಲಿ ಇಳಿದು ಹತ್ತಿದರೆ ಕೂಡುವುದು ಬರೀ ಹತ್ತು ಕಿ.ಮೀ. ಬೆಂಗಳೂರಿಗೆ ಹೋಗುವುದೆಂದರೆ ಲಂಡನ್ನಿಗೆ ಬೆನ್ನು ಹಾಕಿ ಹೋದಂತೆಯೇ, 880 ಕಿ.ಮೀ. ಹೆಚ್ಚು. ಆದರೆ ದೊಡ್ಡ ಜೆಟ್ ವಿಮಾನ ತಾಸಿಗೆ 850ರಿಂದ 900 ಕಿ.ಮೀ. ಹಾರುತ್ತದೆ. ನಕಾಶೆಯಲ್ಲಿ ಅಷ್ಟು ದೊಡ್ಡದಾಗಿ ಕಾಣುವ ಸುತ್ತು ಗಡಿಯಾರದಲ್ಲಿ ಒಂದು ತಾಸಿನ ಸುಮಾರು.

ಕಿಲೋಮೀಟರ್ ತಾಸಾಗುವ ಬಗೆ

ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ ಹೊತ್ತು ಹಿಡಿಯುತ್ತದೆ. ಹತ್ತು, ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಇದಕ್ಕೆ ಕಾರಣ. ಲಂಡನ್ನಿಗೆ ಹೋಗುವಾಗ ಅದು ಎದುರುಗಾಳಿ, ಬರುವಾಗ ಬೆನ್ನಗಾಳಿ. ಚಳಿಗಾಲದಲ್ಲಿ ಇದರ ಬಿರುಸು ಹೆಚ್ಚು. ಒಂದೇ ಜೋಡಿ ಊರುಗಳ ನಡುವೆ ಮುಕ್ಕಾಲು ತಾಸಿನಿಂದ ಒಂದು ತಾಸಿಗೂ ಮಿಕ್ಕಿ ವ್ಯತ್ಯಾಸ ಬರುವುದು ಸಾಮಾನ್ಯ. ಹೋಗುವ ದಿಕ್ಕಿನಲ್ಲಿ ಮುಂಬಯಿಯಿಂದ ಒಂಬತ್ತೂವರೆಯಿಂದ ಹತ್ತು ತಾಸು, ಬೆಂಗಳೂರಿನಿಂದ ಹತ್ತೂವರೆಯಿಂದ ಹನ್ನೊಂದು ತಾಸು ಎಂದು ಹಿಡಿಯಬಹುದು. ಹೈದರಾಬಾದ್ ಇವೆರಡರ ನಡುವೆ ಬರುತ್ತದೆ.

ದಿಲ್ಲಿಯ ಲೆಕ್ಕ ಈಗ ಬೇರೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿತು, ಆಮೇಲೆ ಆ ನಿರ್ಬಂಧವನ್ನು ತಿಂಗಳು ತಿಂಗಳು ಮುಂದುವರಿಸುತ್ತ ಬಂತು. ನಿರ್ಬಂಧ ಇರುವಾಗ ಭಾರತೀಯ ಕಂಪನಿಯ ವಿಮಾನ ದಿಲ್ಲಿಯಿಂದ ಮೊದಲು ದಕ್ಷಿಣಕ್ಕೆ, ಗುಜರಾತಿನ ಕಡೆ ಇಳಿದು, ಅರಬ್ಬಿ ಸಮುದ್ರದ ಮೇಲಿಂದ ಸುತ್ತಬೇಕು. ಬ್ರಿಟಿಷ್ ಕಂಪನಿಗಳಿಗೆ ಆ ನಿರ್ಬಂಧವಿಲ್ಲ. ಆದ್ದರಿಂದ ದಿಲ್ಲಿಯಿಂದ ಲಂಡನ್ನಿಗೆ ಒಂದೇ ದಿನ ಹೊರಡುವ ಎರಡು ಕಂಪನಿಗಳ ವಿಮಾನಗಳ ಹಾರಾಟದ ಹೊತ್ತು ಬೇರೆ ಬೇರೆ ಇರುತ್ತದೆ. ನಾಲ್ಕೂ ಊರುಗಳಲ್ಲಿ ಲಂಡನ್ನಿಗೆ ಅತಿ ಹತ್ತಿರ ಇರುವುದು ದಿಲ್ಲಿ, ಆದರೆ ಈ ಸುತ್ತಿನಿಂದ ಆ ಲಾಭ ಕರಗುತ್ತದೆ. ಮುಂಬಯಿ, ಬೆಂಗಳೂರಿನಿಂದ ಹೊರಟ ವಿಮಾನಗಳಿಗೆ ಪೆಟ್ಟು ಕಡಿಮೆ. ಅವು ಹೇಗೂ ಸಮುದ್ರದ ಮೇಲಿಂದಲೇ ಹೋಗಬಲ್ಲವು. ಟಿಕೆಟ್ ತೆಗೆಯುವ ದಿನ ಆ ಹಾರಾಟದ ಒಟ್ಟು ಹೊತ್ತು ಎಷ್ಟೆಂದು ನೋಡಿದರೆ ಸುತ್ತು ಇದೆಯೋ ಇಲ್ಲವೋ ತಿಳಿಯುತ್ತದೆ.

ಆ ಹೊತ್ತನ್ನು ನಾವೇ ಲೆಕ್ಕ ಹಾಕುವಾಗ ಎಡವುವುದು ಗಡಿಯಾರದಲ್ಲಿ. ಟಿಕೆಟ್ ಮೇಲೆ ಹೊರಡುವ ಹೊತ್ತು ಭಾರತದ್ದು, ತಲುಪುವ ಹೊತ್ತು ಲಂಡನ್ನಿನದು. ಮಧ್ಯಾಹ್ನ 1ಕ್ಕೆ ಹೊರಟು ಸಂಜೆ 6ಕ್ಕೆ ತಲುಪುತ್ತದೆ ಎಂದರೆ ಐದು ತಾಸಿನ ಹಾರಾಟವಲ್ಲ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದ ತನಕ ಲಂಡನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಉಳಿದ ಕಾಲದಲ್ಲಿ ಐದೂವರೆ ತಾಸು ಹಿಂದೆ. ಹಾಗಾಗಿ ಜುಲೈಯಲ್ಲಿ ಅದು ಒಂಬತ್ತೂವರೆ ತಾಸಿನ ಹಾರಾಟ, ಡಿಸೆಂಬರಿನಲ್ಲಿ ಹತ್ತೂವರೆ ತಾಸಿನದು. ಬರುವಾಗ ಇದೇ ಅಂತರವನ್ನು ಕಳೆಯಬೇಕು.

ಮುಂಬಯಿ

ದೂರದಲ್ಲಿ ಮುಂಬಯಿಯೇ ಮೇಲು, ಲಂಡನ್ನಿಗೆ ವಿಮಾನಗಳೂ ಹೆಚ್ಚು. ಆದರೆ ಬೆಳಗಾವಿಯಿಂದ ಮುಂಬಯಿಗೆ ಹೋಗುವ ವಿಮಾನ ಎಲ್ಲ ದಿನ, ಎಲ್ಲ ಹೊತ್ತಿಗೆ ಸಿಗುವಂಥದ್ದಲ್ಲ. ಸಣ್ಣ ಊರುಗಳ ವೇಳಾಪಟ್ಟಿ ಋತುವಿಗೊಮ್ಮೆ ಬದಲಾಗುತ್ತದೆ. ನಿಮ್ಮ ದಿನಾಂಕಕ್ಕೆ ವಿಮಾನವಿದ್ದು, ಮುಂಬಯಿಯಲ್ಲಿ ನಾಲ್ಕೈದು ತಾಸಿನ ಬಿಡುವು ಸಿಕ್ಕರೆ ಮನೆಯಿಂದ ಲಂಡನ್ ನಿಲ್ದಾಣದ ಹೊರಬಾಗಿಲ ತನಕ ಸುಮಾರು 19 ತಾಸು. ಇದಕ್ಕಿಂತ ಚೊಕ್ಕ ಹಾದಿ ಬೆಳಗಾವಿ ನಗರದವರಿಗೆ ಇಲ್ಲ.

ಮುಂಬಯಿಯಲ್ಲಿ ಯಾವ ನಿಲ್ದಾಣ, ಯಾವ ಟರ್ಮಿನಲ್ ಎಂಬುದನ್ನು ಎರಡು ಸಲ ನೋಡಬೇಕು. ಹಳೆಯ ನಿಲ್ದಾಣದಲ್ಲಿ ಟರ್ಮಿನಲ್ 1 ಸಾಂತಾಕ್ರೂಜ್ ಕಡೆ, ಟರ್ಮಿನಲ್ 2 ಅಂಧೇರಿ ಪೂರ್ವದ ಸಹಾರ್ ಕಡೆ. ಲಂಡನ್ ವಿಮಾನ ಟರ್ಮಿನಲ್ 2ರಿಂದ. ಊರ ವಿಮಾನ ಟರ್ಮಿನಲ್ 1ರಲ್ಲಿ ಇಳಿಸಿದರೆ ಚೀಲ ಎತ್ತಿಕೊಂಡು ಹೊರಗೆ ಬಂದು, ಊರ ರಸ್ತೆಯ ದಟ್ಟಣೆಯಲ್ಲಿ ಹಾದು, ಇನ್ನೊಂದರಲ್ಲಿ ಮತ್ತೆ ಒಳಹೋಗಬೇಕು. ದೂರ ನಾಲ್ಕೈದು ಕಿ.ಮೀ. ಮಾತ್ರ, ಸಂಜೆಯ ಹೊತ್ತು ಅದಕ್ಕೂ ಮುಕ್ಕಾಲು ತಾಸು ತೆಗೆದಿಡಿ. ಇದರ ಜೊತೆ, 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ನವಿ ಮುಂಬಯಿ ನಿಲ್ದಾಣವೂ ಈಗ ಪಟ್ಟಿಯಲ್ಲಿ ಬರುತ್ತದೆ. ಅದರ ಸಂಕೇತ ಎನ್‌ಎಂಐ, ಹಳೆಯ ನಿಲ್ದಾಣದ್ದು ಬಿಒಎಂ. ಎನ್‌ಎಂಐಯಲ್ಲಿ ಇಳಿದು ಬಿಒಎಂನಿಂದ ಹತ್ತುವ ಟಿಕೆಟ್ ತೆಗೆದರೆ ನಡುವೆ ಮುಂಬಯಿ ಮಹಾನಗರವನ್ನೇ ಅಡ್ಡ ದಾಟಬೇಕು. ಹುಡುಕುವ ಜಾಲತಾಣಗಳು ಎರಡನ್ನೂ 'ಮುಂಬಯಿ' ಎಂದೇ ತೋರಿಸುವುದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ.

ವಿಮಾನ ಸಿಗದಿದ್ದರೆ ಬಸ್ಸು. ನಿಪ್ಪಾಣಿ, ಕೊಲ್ಹಾಪುರ, ಸಾತಾರಾ, ಪುಣೆ ಮೇಲಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮುಂಬಯಿಗೆ ಐನೂರು ಕಿ.ಮೀ. ಹತ್ತಿರ, ಒಂಬತ್ತರಿಂದ ಹನ್ನೊಂದು ತಾಸು. ಕಾಗಲ್ ಮತ್ತು ಸಾತಾರಾ ನಡುವಿನ ಷಟ್ಪಥ ಕಾಮಗಾರಿ, ಪುಣೆಯ ಶುಕ್ರವಾರ ಮತ್ತು ಭಾನುವಾರ ಸಂಜೆಯ ದಟ್ಟಣೆ, ಮಳೆಗಾಲದ ಖಂಡಾಲಾ ಘಾಟ್ ಈ ಮೂರರಲ್ಲಿ ಒಂದಾದರೂ ತಡ ಮಾಡುತ್ತದೆ. ರಾತ್ರಿ ಬಸ್ಸು ಬೆಳಿಗ್ಗೆ ಮುಟ್ಟಿಸುವುದರಿಂದ, ಲಂಡನ್ ವಿಮಾನ ಮಧ್ಯಾಹ್ನದ್ದಾದರೆ ಈ ಹಾದಿ ನಡೆಯುತ್ತದೆ. ವಿಮಾನ ನಡುರಾತ್ರಿ ಎರಡಕ್ಕಿದ್ದರೆ ರಾತ್ರಿ ಬಸ್ಸಿನವರು ನಿಲ್ದಾಣದಲ್ಲಿ ಇಡೀ ಹಗಲು ಕೂರಬೇಕು; ಅಂಥವರು ಮುಂಜಾನೆ ಹೊರಡುವ ಗಾಡಿ ಹಿಡಿಯಲಿ. ರೈಲಿನವರಿಗೆ ಹುಬ್ಬಳ್ಳಿಯಿಂದ ಬೆಳಗಾವಿ ಮೇಲೆ ಮುಂಬಯಿಗೆ ಹೋಗುವ ಎಕ್ಸ್‌ಪ್ರೆಸ್ ಇದೆ. ಬಸ್ಸಾಗಲಿ ರೈಲಾಗಲಿ, ಒಟ್ಟು ಪ್ರಯಾಣ 25 ತಾಸು ದಾಟುತ್ತದೆ.

ಬೆಂಗಳೂರು

ಸುತ್ತು ಹೆಚ್ಚಾದರೂ ಮೊದಲ ಸಲ ಹೊರಡುವ ವಿದ್ಯಾರ್ಥಿಗೆ ನಾವು ಮೊದಲು ಹೇಳುವ ಹೆಸರು ಬೆಂಗಳೂರು. ತಪ್ಪಿದರೆ ಇನ್ನೊಂದು ದಾರಿ ಇರುತ್ತದೆ ಎಂಬುದೇ ಇದಕ್ಕೆ ಮುಖ್ಯ ಕಾರಣ. ಬೆಳಗಾವಿಯಿಂದ ವಿಮಾನ ರದ್ದಾದರೆ ಹುಬ್ಬಳ್ಳಿಯ ವಿಮಾನವಿದೆ, ರಾತ್ರಿ ರೈಲು ಇದೆ, ಸ್ಲೀಪರ್ ಬಸ್ಸುಗಳಂತೂ ಹತ್ತಾರು. ಭಾಷೆಯೂ ನಮ್ಮದೇ.

ಬೆಳಗಾವಿಯಿಂದ ಬೆಂಗಳೂರಿಗೆ ಹಾರುವ ವಿಮಾನ ಎಟಿಆರ್ ಇರಬಹುದು. ಇದು 78 ಸೀಟಿನ, ಪಂಖದ ವಿಮಾನ. ವೇಗ ಜೆಟ್ಟಿಗಿಂತ ಕಡಿಮೆ, ತಾಸಿಗೆ ಐನೂರು ಕಿ.ಮೀ. ಆಸುಪಾಸು. 445 ಕಿ.ಮೀ.ಗೆ ಟಿಕೆಟ್ಟಿನಲ್ಲಿ ಒಂದೂಕಾಲು, ಒಂದೂವರೆ ತಾಸು ಬರೆದಿರುತ್ತದೆ. ಸೀಟಿನ ಮೇಲಿನ ಪೆಟ್ಟಿಗೆಗಳು ಚಿಕ್ಕವು, ಗಟ್ಟಿ ಟ್ರಾಲಿ ಬ್ಯಾಗನ್ನು ಬಾಗಿಲಲ್ಲೇ ಇಸಿದುಕೊಂಡು ಕೆಳಗೆ ಹಾಕುತ್ತಾರೆ. ಪಾಸ್‌ಪೋರ್ಟ್, ಕಾಗದಪತ್ರ, ಪವರ್ ಬ್ಯಾಂಕ್, ಔಷಧಿ ಹೆಗಲ ಚೀಲದಲ್ಲೇ ಇರಲಿ.

ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ವಿದೇಶದ ವಿಮಾನಗಳೆಲ್ಲ ಟರ್ಮಿನಲ್ 2ರಿಂದ ಹೊರಡುತ್ತವೆ. ಇಂಡಿಗೋದ ದೇಶದೊಳಗಿನ ವಿಮಾನಗಳು ಟರ್ಮಿನಲ್ 1ರಲ್ಲಿ ಇಳಿಸುತ್ತವೆ. ಎರಡೂ ಅಕ್ಕಪಕ್ಕ ಇವೆ, ನಡುವೆ ಬಸ್ಸು ಓಡಾಡುತ್ತದೆ. ಮುಂಬಯಿ, ದಿಲ್ಲಿಯ ಬದಲಾವಣೆಯಷ್ಟು ದಣಿವಿಲ್ಲ. ಮೂರೂವರೆ ತಾಸಿನ ಬಿಡುವು ಸಾಕು. ಒಟ್ಟು 19ರಿಂದ 20 ತಾಸು.

ನೆಲದ ಹಾದಿಯಲ್ಲಿ ಹೋಗುವುದಾದರೆ, 2025ರ ಆಗಸ್ಟ್‌ನಲ್ಲಿ ಆರಂಭವಾದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ಎಂಟೂವರೆ ತಾಸು ತೆಗೆದುಕೊಳ್ಳುತ್ತದೆ. ನಸುಕಿನಲ್ಲಿ ಬಿಟ್ಟು ಮಧ್ಯಾಹ್ನ ಮುಟ್ಟಿಸುತ್ತದೆ, ರಾತ್ರಿಯ ಲಂಡನ್ ಅಥವಾ ಕೊಲ್ಲಿಯ ವಿಮಾನಕ್ಕೆ ಹೊಂದುತ್ತದೆ. ಬೆಳಗಿನ ವಿಮಾನಕ್ಕೆ ಹಿಂದಿನ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿಯುವ ಯೋಚನೆ ಬೇಡ. ರೈಲು ಬೆಂಗಳೂರಿಗೆ ಬರುವಷ್ಟರಲ್ಲಿ ನಿಲ್ದಾಣದ ಕೌಂಟರ್ ಮುಚ್ಚುವ ಹೊತ್ತಾಗಿರುತ್ತದೆ. ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 35 ಕಿ.ಮೀ., ಬಿಎಂಟಿಸಿಯ ವಾಯು ವಜ್ರ ಬಸ್ಸಿಗೆ ಒಂದು ತಾಸಿನಿಂದ ಎರಡು ತಾಸು ಬೇಕು.

ಹೈದರಾಬಾದ್

ಬೆಳಗಾವಿಯವರು ಹೆಚ್ಚಾಗಿ ಎಣಿಸದೆ ಬಿಡುವ ಊರು ಇದು. ಶಂಷಾಬಾದ್‌ನಲ್ಲಿ ದೇಶದ ಒಳಗಿನ ಮತ್ತು ಹೊರಗಿನ ವಿಮಾನಗಳಿಗೆ ಒಂದೇ ಕಟ್ಟಡ. ಇಳಿದು ಚೀಲ ತೆಗೆದುಕೊಂಡು ಮಹಡಿ ಹತ್ತಿದರೆ ಲಂಡನ್ ಕೌಂಟರ್. ಮಂಡಿನೋವಿನ ಹಿರಿಯರಿಗೆ, ಗಾಲಿಕುರ್ಚಿ ಬೇಕಾದವರಿಗೆ, ಮಕ್ಕಳನ್ನು ಎತ್ತಿಕೊಂಡವರಿಗೆ ಇದು ದೊಡ್ಡ ಅನುಕೂಲ. ಸುತ್ತು ದಿಲ್ಲಿಯಷ್ಟೇ. ಕೊರತೆ ಎಂದರೆ ಲಂಡನ್ನಿಗೆ ನೇರ ವಿಮಾನಗಳ ಆಯ್ಕೆ ಕಡಿಮೆ. ಒಂದು ತಪ್ಪಿದರೆ ಮರುದಿನದ ತನಕ ಕಾಯಬೇಕಾಗಬಹುದು.

ದಿಲ್ಲಿ

ಬೆಳಗಾವಿಯಿಂದಲೂ ಹುಬ್ಬಳ್ಳಿಯಿಂದಲೂ ದಿಲ್ಲಿಗೆ ನೇರ ವಿಮಾನ ಶುರುವಾದ ಮೇಲೆ ಈ ಹಾದಿ ಜನಪ್ರಿಯವಾಯಿತು. ಬೆಳಗಾವಿಯಿಂದ ಎರಡೂವರೆಯಿಂದ ಎರಡೂಮುಕ್ಕಾಲು ತಾಸು. ದಿಲ್ಲಿಯಿಂದ ಬ್ರಿಟಿಷ್ ಕಂಪನಿಯ ವಿಮಾನವಾದರೆ ಮುಂದಿನ ಹಾರಾಟವೂ ಚಿಕ್ಕದು. ಆದರೂ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯ ತನಕ ಈ ಹಾದಿ ಬೇಡ ಎನ್ನುತ್ತೇವೆ. ಆ ದಿನಗಳಲ್ಲಿ ದಿಲ್ಲಿಯ ಮಂಜು ಬೆಳಗಿನ ವಿಮಾನಗಳನ್ನು ತಡೆಯುತ್ತದೆ, ಒಂದು ತಡವಾದರೆ ಅದೇ ವಿಮಾನ ಮಾಡಬೇಕಾದ ಮುಂದಿನ ಸುತ್ತುಗಳೆಲ್ಲ ತಡವಾಗುತ್ತವೆ. ಬೆಳಗಾವಿಯಲ್ಲಿ ಬಿಸಿಲು ಹೊಡೆಯುತ್ತಿದ್ದರೂ ವಿಮಾನ ದಿಲ್ಲಿಯಿಂದ ಬಂದಿರುವುದಿಲ್ಲ. ಜುಲೈ, ಆಗಸ್ಟಿನಲ್ಲಿ ತೊಂದರೆ ಈ ತುದಿಯಲ್ಲಿ: ಬೆಳಗಾವಿಯ ಜಡಿಮಳೆ, ಕೆಳಗಿಳಿದ ಮೋಡ, ಕಡಿಮೆ ಗೋಚರತೆ. ಆಗ ಯಾವ ಊರಿನ ಮೂಲಕ ಹೋದರೂ ಬಿಡುವನ್ನು ಎರಡು ತಾಸು ಹೆಚ್ಚಿಸಿ.

ದಿಲ್ಲಿಯಲ್ಲೂ ಟರ್ಮಿನಲ್ ನೋಡಿ. ಲಂಡನ್ ವಿಮಾನ ಟರ್ಮಿನಲ್ 3ರಿಂದ. ಊರ ವಿಮಾನ ಟರ್ಮಿನಲ್ 1ರಲ್ಲಿ ಇಳಿಸಿದರೆ ಹಲವು ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕು. ನಾಲ್ಕು ತಾಸಿಗಿಂತ ಕಡಿಮೆ ಬಿಡುವು ಇಟ್ಟುಕೊಳ್ಳಬೇಡಿ.

ಕೊಲ್ಲಿಯ ಊರುಗಳ ಮೇಲಿಂದ, ಉದಾಹರಣೆಗೆ ಬೆಂಗಳೂರು–ದುಬೈ–ಲಂಡನ್, ಹೋದರೆ ದೂರ ಬೆಂಗಳೂರಿನ ನೇರ ಹಾದಿಗಿಂತ ನೂರೈವತ್ತು ಕಿ.ಮೀ. ಮಾತ್ರ ಹೆಚ್ಚು. ಆದರೆ ಒಂದು ಇಳಿಯುವಿಕೆ, ಒಂದು ಕಾಯುವಿಕೆ ಸೇರಿ ಮೂರು, ನಾಲ್ಕು ತಾಸು ಕೂಡುತ್ತದೆ. ಹೋಗಬೇಕಾದ ಊರು ಲಂಡನ್ ಆಗಿದ್ದರೆ ದರ ಚೆನ್ನಾಗಿ ಕಡಿಮೆ ಇದ್ದಾಗ ಮಾತ್ರ ಇದನ್ನು ನೋಡಿ. ಕಾಲೇಜು ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಅಥವಾ ಗ್ಲಾಸ್ಗೋದಲ್ಲಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ: ದುಬೈಯಿಂದ ಆ ಊರುಗಳಿಗೇ ನೇರ ವಿಮಾನಗಳಿವೆ, ಹೀಥ್ರೋದಲ್ಲಿ ಇಳಿದು ಎರಡು ದೊಡ್ಡ ಚೀಲಗಳೊಂದಿಗೆ ಇಂಗ್ಲೆಂಡಿನ ರೈಲು, ಕೋಚ್ ಹಿಡಿಯುವ ಕಷ್ಟ ತಪ್ಪುತ್ತದೆ. ಕೊಲ್ಲಿಯ ವಿಮಾನಗಳು ನಮ್ಮಲ್ಲಿಂದ ಹೆಚ್ಚಾಗಿ ನಡುರಾತ್ರಿ ದಾಟಿ ಹೊರಡುತ್ತವೆ. 12ನೇ ತಾರೀಖು ರಾತ್ರಿ 2.30 ಎಂದರೆ 11ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. ಇದರಲ್ಲಿ ಎಡವಿ ಒಂದು ದಿನ ತಡವಾಗಿ ಬರುವವರು ಇದ್ದೇ ಇರುತ್ತಾರೆ.

ಒಂದೇ ಟಿಕೆಟ್ಟೋ, ಬೇರೆ ಬೇರೆಯೋ

ಊರು ಯಾವುದೇ ಆರಿಸಿ, ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಉಳಿದ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬೆಳಗಾವಿಯಿಂದ ಲಂಡನ್ ತನಕ ಒಂದೇ ಪಿಎನ್‌ಆರ್ ಇದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಕಂಪನಿಯದು. ಬೇರೆ ಬೇರೆ ತೆಗೆದಿದ್ದರೆ ಎರಡನೆಯ ಕಂಪನಿಯ ಪಾಲಿಗೆ ನೀವು ಹೇಳದೆ ಕೇಳದೆ ಬಾರದೆ ಉಳಿದ ಪ್ರಯಾಣಿಕರು. ಲಂಡನ್ ಟಿಕೆಟ್ಟಿನ ಹಣ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಹೋಗಿ ಬರುವ ಟಿಕೆಟ್ಟಾದರೆ ಬರುವ ಸೀಟನ್ನೂ ರದ್ದು ಮಾಡಿಬಿಡುತ್ತಾರೆ, ಅದು ಗೊತ್ತಾಗುವುದು ಎಷ್ಟೋ ತಿಂಗಳಾದ ಮೇಲೆ.

ಚೀಲದ ತೂಕದಲ್ಲೂ ಇದೇ ಕಥೆ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ 15 ಕೆ.ಜಿ. ಲಂಡನ್ ಟಿಕೆಟ್ಟಿಗೆ 23 ಕೆ.ಜಿ.ಯ ಒಂದು ಅಥವಾ ಎರಡು ಚೀಲ. ಒಂದೇ ಟಿಕೆಟ್ಟಾದರೆ ಸಾಂಬ್ರಾದಿಂದಲೇ ಲಂಡನ್ನಿನ ಮಿತಿ ಅನ್ವಯಿಸುತ್ತದೆ. ಬೇರೆ ಬೇರೆಯಾದರೆ 46 ಕೆ.ಜಿ. ಹೊತ್ತ ವಿದ್ಯಾರ್ಥಿ ಸಾಂಬ್ರಾದಲ್ಲಿ 31 ಕೆ.ಜಿ.ಗೆ ಹೆಚ್ಚುವರಿ ಹಣ ತುಂಬಬೇಕು. ಕೌಂಟರಿನಲ್ಲಿ ತುಂಬುವುದಕ್ಕಿಂತ ಮೊದಲೇ ಜಾಲತಾಣದಲ್ಲಿ ತುಂಬಿದರೆ ಕಡಿಮೆ. ಎರಡು ಸಾವಿರ ಉಳಿಯಿತೆಂದು ಬೇರೆ ಬೇರೆ ಟಿಕೆಟ್ ತೆಗೆದವರು ಈ ಒಂದು ಕೌಂಟರಿನಲ್ಲೇ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ.

ಜಾಲತಾಣದಲ್ಲಿ ಹೀಗೆ ನೋಡಿ: ಹೊರಡುವ ಊರು ಐಎಕ್ಸ್‌ಜಿ, ಮುಟ್ಟುವ ಊರು ಎಲ್‌ಎಚ್‌ಆರ್ ಎಂದು ನಮೂದಿಸಿ. ಬಂದ ಫಲಿತಾಂಶದಲ್ಲಿ 'ಸ್ವಯಂ ವರ್ಗಾವಣೆ' ಎಂಬರ್ಥದ ಸೂಚನೆ ಇದ್ದರೆ ಅದು ಎರಡು ಟಿಕೆಟ್‌ಗಳನ್ನು ಅಂಟಿಸಿದ್ದು. ಬೆಳಗಾವಿಯಿಂದ ಒಂದೇ ಟಿಕೆಟ್ ಸಿಗದಿದ್ದರೆ ಹುಬ್ಬಳ್ಳಿಯ ಎಚ್‌ಬಿಎಕ್ಸ್‌ನಿಂದಲೂ ಹುಡುಕಿ. ಏಜೆಂಟರ ಬಳಿ ತೆಗೆಸುವವರು ದರ ಕೇಳುವ ಮುಂಚೆ "ಪಿಎನ್‌ಆರ್ ಒಂದೇ ಏನ್ರಿ? ಲಗೇಜ್ ಲಂಡನ್ ತನಕ ಹೋಗ್ತದೇನ್ರಿ?" ಎಂದು ಕೇಳಬೇಕು. ಒಂದೇ ಟಿಕೆಟ್ ಸಿಗಲೇ ಇಲ್ಲವೆಂದರೆ ನಡುವೆ ಆರು ತಾಸಿಗಿಂತ ಕಡಿಮೆ ಇಡಬೇಡಿ, ಅಥವಾ ಹಿಂದಿನ ದಿನವೇ ಆ ಊರು ಸೇರಿ. ಟಿಕೆಟ್ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ತಂದೆಯ ಹೆಸರು, ಮನೆತನದ ಹೆಸರು ಸೇರುವ ನಮ್ಮ ಕಡೆಯ ಹೆಸರುಗಳಲ್ಲಿ ಹಿಂದುಮುಂದಾಗುವುದು ಹೆಚ್ಚು.

ಕಂಪನಿ ಆರಿಸುವಾಗ ನೆನಪಿಡಬೇಕಾದ ಇನ್ನೊಂದು ಮಾತು. ಬ್ರಿಟನ್ನಿನ ನಿಯಮದ ಪ್ರಕಾರ, ಕಂಪನಿಯದೇ ತಪ್ಪಿನಿಂದ ವಿಮಾನ ನಾಲ್ಕು ತಾಸಿಗೂ ಹೆಚ್ಚು ತಡವಾಗಿ ತಲುಪಿದರೆ 3,500 ಕಿ.ಮೀ. ಮೀರಿದ ಪ್ರಯಾಣಕ್ಕೆ ಒಬ್ಬರಿಗೆ 520 ಪೌಂಡ್ ಪರಿಹಾರ ಕೇಳಬಹುದು. ಬ್ರಿಟಿಷ್ ಕಂಪನಿಯಾದರೆ ಹೋಗುವಾಗಲೂ ಬರುವಾಗಲೂ ಈ ಹಕ್ಕಿದೆ. ಭಾರತೀಯ ಅಥವಾ ಕೊಲ್ಲಿಯ ಕಂಪನಿಯಾದರೆ ಬ್ರಿಟನ್ನಿನಿಂದ ಹೊರಡುವಾಗ ಮಾತ್ರ. ಮಂಜು, ಬಿರುಗಾಳಿಯಂಥ ಕಾರಣಕ್ಕೆ ಪರಿಹಾರವಿಲ್ಲ. ಆಗಲೂ ಊಟ, ತಂಗುವ ವ್ಯವಸ್ಥೆ ಅವರದೇ.

ಚೀಲದಲ್ಲಿ ತಿನಿಸು ತುಂಬುವವರಿಗೆ: ಭಾರತದಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಬ್ರಿಟನ್ನಿಗೆ ಒಯ್ಯುವಂತಿಲ್ಲ. ಬೆಳಗಾವಿ ಕುಂದಾ ಹಾಲಿನದು, ಅದನ್ನು ತುಂಬಬೇಡಿ. ತುಪ್ಪದ ಡಬ್ಬಿಯೂ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗೆ ಅಡ್ಡಿಯಿಲ್ಲ; ಗಾಳಿಯಾಡದಂತೆ ಕಟ್ಟಿಸಿ, ಮೇಲೆ ಏನೆಂದು ಇಂಗ್ಲಿಷಿನಲ್ಲಿ ಬರೆಯಿರಿ.

ಬಾಗಲಕೋಟೆ, ವಿಜಯಪುರದವರಿಗೆ

ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲಿಂದ ಬೆಳಗಾವಿಗೆ ಬರುವ ಹಾದಿಯಲ್ಲಿ ಸಾಂಬ್ರಾ ನಗರಕ್ಕಿಂತ ಹತ್ತು ಕಿ.ಮೀ. ಮೊದಲೇ ಸಿಗುತ್ತದೆ. ಊರೊಳಗೆ ಹೋಗುವ ಕೆಲಸವಿಲ್ಲ, ಮೂರು, ಮೂರೂವರೆ ತಾಸು ಸಾಕು. ಕೆರೂರು, ಕುಳಗೇರಿ ಕ್ರಾಸ್, ನರಗುಂದ, ನವಲಗುಂದ ಹಾದು ಹುಬ್ಬಳ್ಳಿಗೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಿಲ್ದಾಣ ಗೋಕುಲ ರಸ್ತೆಯಲ್ಲಿರುವುದರಿಂದ ಹುಬ್ಬಳ್ಳಿ ಊರೊಳಗಿನ ಅರ್ಧ ತಾಸನ್ನು ಕೂಡಿಸಿಕೊಳ್ಳಿ. ಎರಡರಲ್ಲಿ ಯಾವುದರಿಂದ ಒಂದೇ ಪಿಎನ್‌ಆರ್ ಸಿಗುತ್ತದೋ ಅದನ್ನು ಹಿಡಿಯಿರಿ.

ವಿಜಯಪುರದವರ ಲೆಕ್ಕ ಬೇರೆಯೇ. ಬೆಳಗಾವಿ, ಹುಬ್ಬಳ್ಳಿ ಎರಡೂ ಇನ್ನೂರು ಕಿ.ಮೀ. ಸುಮಾರು, ನಾಲ್ಕೂವರೆಯಿಂದ ಐದು ತಾಸು. ಅಷ್ಟು ರಸ್ತೆ ಕಳೆದ ಮೇಲೂ ಒಂದು ಸಣ್ಣ ವಿಮಾನ, ಒಂದು ದೊಡ್ಡ ವಿಮಾನ. ಅದರ ಬದಲು ಹೈದರಾಬಾದ್‌ಗೆ ನೇರವಾಗಿ ರಸ್ತೆಯಲ್ಲಿ ಹೋದರೆ ಸುಮಾರು 400 ಕಿ.ಮೀ., ಎಂಟು ತಾಸು. ಹುಮನಾಬಾದ್, ಜಹೀರಾಬಾದ್ ಮೇಲಿನ ಹೆದ್ದಾರಿಯಿಂದ ಬಂದವರು ಪಟಾನ್‌ಚೆರು ಹತ್ತಿರ ಹೊರವರ್ತುಲ ರಸ್ತೆ ಹಿಡಿದು, ಊರು ಹೊಗದೆ ಶಂಷಾಬಾದ್ ಸೇರಬಹುದು. ಒಂದೇ ವಿಮಾನ, ಒಂದೇ ಸಲ ಚೀಲ ಕೊಡುವುದು, 15 ಕೆ.ಜಿ.ಯ ತಕರಾರಿಲ್ಲ. ಮನೆಯಿಂದ ಲಂಡನ್ ತನಕ 24 ತಾಸಿನ ಸುಮಾರು. ಸಾಂಬ್ರಾ ಮೂಲಕವೂ ಅಷ್ಟೇ ಆಗುತ್ತದೆ, ಆದರೆ ತಪ್ಪಿಹೋಗಬಹುದಾದ ಕೊಂಡಿ ಒಂದು ಹೆಚ್ಚಿರುತ್ತದೆ. ಮೂರು, ನಾಲ್ಕು ಜನ ಒಂದೇ ಗಾಡಿಯಲ್ಲಿ ಹೋಗುವಂತಿದ್ದರೆ ವಿಜಯಪುರದವರಿಗೆ ಹೈದರಾಬಾದನ್ನೇ ಹೇಳುತ್ತೇವೆ. ಒಬ್ಬರೇ ಹೋಗುವವರಿಗೆ ಬೆಂಗಳೂರಿನ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ, ಬಾಗಲಕೋಟೆಯಲ್ಲೂ ನಿಲ್ಲುತ್ತದೆ. ಹಿಂದಿನ ದಿನವೇ ಬೆಂಗಳೂರಲ್ಲಿ ಇರುವಂತೆ ಹೊರಡಬೇಕು.

ಬರುವಾಗ

ಚೀಲಕ್ಕೆ ಲಂಡನ್ನಿನಲ್ಲೇ ಬೆಳಗಾವಿಯ ಚೀಟಿ ಅಂಟಿಸಿದ್ದರೂ, ಭಾರತದಲ್ಲಿ ಮೊದಲು ಇಳಿದ ಊರಿನಲ್ಲಿ ಅದನ್ನು ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ವರ್ಗಾವಣೆ ಕೌಂಟರಿನಲ್ಲಿ ಮತ್ತೆ ಕೊಡಬೇಕು. ಇದು ಗೊತ್ತಿಲ್ಲದೆ ಮುಂದೆ ನಡೆದವರ ಚೀಲ ಅಲ್ಲೇ ಉಳಿಯುತ್ತದೆ. ಇದಕ್ಕೆಂದು ಒಂದೂವರೆ ತಾಸು ಹೆಚ್ಚು ಇಟ್ಟುಕೊಳ್ಳಿ. ಮುಂಜಾನೆ ಬೆಂಗಳೂರು ಅಥವಾ ಮುಂಬಯಿಗೆ ಮುಟ್ಟುವ ವಿಮಾನ ಆರಿಸಿದರೆ ಅದೇ ದಿನದ ಬೆಳಗಾವಿ ವಿಮಾನ ಸಿಗುವ ಸಾಧ್ಯತೆ ಹೆಚ್ಚು.

ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಲಂಡನ್ನಿನ ಗಡಿಯಾರ ಬದಲಾದಂತೆ ವಿಮಾನಗಳ ವೇಳಾಪಟ್ಟಿಯೂ ಬದಲಾಗುತ್ತದೆ, ಅದರಲ್ಲಿ ಮೊದಲು ಅಲುಗುವುದು ಬೆಳಗಾವಿ, ಹುಬ್ಬಳ್ಳಿಯಂಥ ಊರುಗಳ ವಿಮಾನಗಳೇ. ಆ ದಿನಗಳಿಗೂ ಮುಂಚೆ ಟಿಕೆಟ್ ತೆಗೆದು ಆಮೇಲೆ ಹೊರಡುವವರು ಪ್ರಯಾಣಕ್ಕೆ ಒಂದು ತಿಂಗಳು ಇರುವಾಗ ಮತ್ತು ಒಂದು ವಾರ ಇರುವಾಗ ಪಿಎನ್‌ಆರ್ ತೆರೆದು ಎರಡೂ ವಿಮಾನಗಳ ಹೊತ್ತನ್ನು ನೋಡಬೇಕು. ಹೊಸ ವೇಳೆಯಲ್ಲಿ ನಡುವಿನ ಬಿಡುವು ಎರಡು ತಾಸಿಗಿಂತ ಕೆಳಗೆ ಇಳಿದಿದ್ದರೆ ಕಂಪನಿಗೆ ಅಂದೇ ಫೋನ್ ಮಾಡಿ ಬೇರೆ ಸಂಪರ್ಕ ಕೇಳಿ. ಒಂದೇ ಟಿಕೆಟ್ಟಾಗಿದ್ದು ಬದಲಾವಣೆ ಅವರ ಕಡೆಯಿಂದ ಆಗಿದ್ದರೆ ಇದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ.